ಅಜ್ಜನ ಬಂದೂಕು, ಕಲ್ಲಪ್ಪ ಕಾಕಾನ ಚೀಲ

ಆಗೆಲ್ಲ ಊರಿನ ಉಳಿದ ಮಕ್ಕಳಿಗೆ ಚುನಾವಣೆ ಎಂದರೆ ಜೀಪಿನ ಮೇಲಿನ ಭೋಂಗಾ, ಬಣ್ಣದ ಚೀಟಿ, ಅಂಗಿಗೆ ಚುಚ್ಚಿಕೊಳ್ಳುವ ಬಿಲ್ಲೆ. ನಮ್ಮ ಮನೆಯಲ್ಲಿ ಮಾತ್ರ ಚುನಾವಣೆ ಎಂದರೆ ಅಜ್ಜನ ಬಂದೂಕು ಠಾಣೆಗೆ ಹೋಗುವ ದಿನ. ಲೈಸನ್ಸು ಇದ್ದವರೆಲ್ಲ ಮತದಾನಕ್ಕೆ ಮುಂಚೆ ತಮ್ಮ ಹತಾರ ಒಯ್ದು ಪೊಲೀಸರ ವಶಕ್ಕೆ ಕೊಡಬೇಕು, ಎಣಿಕೆಯೆಲ್ಲ ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಬಂದೂಕು ಮನೆ ಬಿಟ್ಟ ದಿನದಿಂದ ತಿರುಗಿ ಬರುವತನಕ ಅಜ್ಜನಿಗೆ ಊಟ ರುಚಿಸುತ್ತಿರಲಿಲ್ಲ.

ಮುರಗೋಡದಿಂದ ಐದಾರು ಮೈಲಿ ಆಚೆಗಿನ ಊರು ನಮ್ಮದು. ಮನೆತನ ಪಂಚಾಂಗ ಹೇಳುವವರದು. ಅಜ್ಜ ಸಾಲಿ ಮಾಸ್ತರಾಗಿ ರಿಟೈರಾದವನು, ಇರುವೆ ಸಾಲು ಕಂಡರೆ ಸುತ್ತು ಹಾಕಿ ಹೋಗುವವನು. ಇಂಥ ಮನೆಯಲ್ಲಿ ಬೇಟೆಯ ಬಂದೂಕು ಎಲ್ಲಿಂದ ಬಂತೆಂದು ಕೇಳಿದರೆ, ನನ್ನ ಮುತ್ತಜ್ಜ ಕಿತ್ತೂರ ಕಡೆಯ ಒಬ್ಬ ದೇಸಾಯರ ಹತ್ತಿರ ಕಾರಕೂನನಾಗಿದ್ದನಂತೆ. ಬೇಟೆಯ ಹುಚ್ಚಿನ ದೇಸಾಯರು ಕೈಲಾಗದ ಕಾಲಕ್ಕೆ ಅದನ್ನು ಮೆಚ್ಚಿ ಕೊಟ್ಟುಬಿಟ್ಟರಂತೆ. ಮುತ್ತಜ್ಜನಾಗಲಿ ಅಜ್ಜನಾಗಲಿ ಅದರಿಂದ ಒಂದು ಗುಬ್ಬಿಯನ್ನೂ ಕೊಂದವರಲ್ಲ. ಗೋವಿನಜೋಳ ತೆನೆ ಕಟ್ಟುವ ಹೊತ್ತಿಗೆ ಹಂದಿಗಳನ್ನು ಬೆದರಿಸಲು ವರ್ಷಕ್ಕೆ ಒಂದೆರಡು ಸಲ ಆಕಾಶಕ್ಕೆ ಹಾರಿಸಿದರೆ ಮುಗಿಯಿತು. ಯಾರಾದರೂ ಅದನ್ನು ಬಂದೂಕು ಎಂದರೆ ಅಜ್ಜ ತಿದ್ದುತ್ತಿದ್ದ. "ನಳಗಿ ಒಳಗ ಸುರುಳಿ ಗೆರಿ ಅವ ನೋಡು. ಇದು ರೈಫಲ್." ಐದು ನಿಮಿಷ ಬಿಟ್ಟು ತಾನೇ ಬಂದೂಕು ಅನ್ನುತ್ತಿದ್ದ.

ಹಾರಿಸುವುದಕ್ಕಿಂತ ಅದನ್ನು ಜೋಪಾನ ಮಾಡುವುದೇ ಅಜ್ಜನಿಗೆ ಇಷ್ಟ. ಹದಿನೈದು ದಿನಕ್ಕೊಮ್ಮೆ ಪಡಸಾಲೆಯಲ್ಲಿ ಚಾಪೆ ಹಾಸಿ, ಗೂಟದಿಂದ ಇಳಿಸಿ, ತೋಟಾ ಇಲ್ಲವೆಂದು ಮೂರು ಸಲ ನೋಡಿ ಕೂರುತ್ತಿದ್ದ. ನಾನು ಎದುರಿಗೆ. ಮೊದಲು ಒಣ ಅರಿವೆಯಿಂದ ಒರೆಸಬೇಕು. ಆಮೇಲೆ ಗಜ ಎಂಬ ಉದ್ದ ಸಲಾಕೆಯ ತುದಿಗೆ ಅರಿವೆ ಸಿಕ್ಕಿಸಿ ನಳಿಗೆಯೊಳಗೆ ಹಿಂದಿನಿಂದ ಮುಂದಕ್ಕೆ ತೂರಿಸಬೇಕು, ಅರಿವೆ ಬೆಳ್ಳಗೆ ಹೊರಬರುವ ತನಕ. ಕೊನೆಗೆ ಎಣ್ಣೆ. ಹೊಲಿಗೆ ಯಂತ್ರದ ಎಣ್ಣೆ, ಬೆಳಗಾವಿಯಿಂದ ತರಿಸಿದ್ದು, ಗಿಡ್ಡನೆಯ ಹಸಿರು ಬಾಟಲಿಯಲ್ಲಿ ಇರುತ್ತಿತ್ತು. ಅಜ್ಜನ ಕಣ್ಣಿಗೆ ಮೋತಿಬಿಂದು ಬಂದು ಪೊರೆ ಕಟ್ಟಿತ್ತು. ತಪಕೀರು ಏರಿಸಿ ಏರಿಸಿ ಮೂಗು ಯಾವ ವಾಸನೆಯನ್ನೂ ಹಿಡಿಯುತ್ತಿರಲಿಲ್ಲ. ಅಂಗೈ ಯಾವಾಗಲೂ ಬೆವರುತ್ತಿತ್ತು, ಬೆವರು ತಾಗಿದ ಕಡೆ ಕಬ್ಬಿಣದ ಮೇಲೆ ಬೆರಳಿನ ಗುರುತು ಕೆಂಪಗೆ ಏಳುತ್ತದೆ. ಹೀಗಾಗಿ ಎಣ್ಣೆ ಸವರುವ ಕೆಲಸ ನನ್ನದಾಯಿತು.

"ಸುಧಿ, ನಿನ್ನ ಕೈ ಒಣಾ ಅವ. ನಮ್ಮ ಮನ್ಯಾಗ ಬಂದೂಕ ಮುಟ್ಟಲಿಕ್ಕೆ ಲಾಯಕ್ ಆದವರು ನೀ ಒಬ್ಬಾಕಿನ."

ಐದನೇ ಇಯತ್ತೆಯ ಹುಡುಗಿಗೆ ಇದಕ್ಕಿಂತ ದೊಡ್ಡ ಬಿರುದು ಬೇಕೇ? ಗೆಳತಿಯರ ಮುಂದೆ ಅಂಗೈ ತೋರಿಸಿ ಜಂಭ ಕೊಚ್ಚಿಕೊಳ್ಳುತ್ತಿದ್ದೆ.

ಹಿಂದಿನ ಚುನಾವಣೆಯಲ್ಲಿ ಬಂದೂಕನ್ನು ಗೋಣಿಚೀಲದಲ್ಲಿ ಸುತ್ತಿ ಒಯ್ದಿದ್ದರು. ದಾರಿಯಲ್ಲಿ ಮಳೆ ಬಂದು ಗೋಣಿ ತೊಯ್ದು, ತಿರುಗಿ ಬಂದಾಗ ನಳಿಗೆಯ ತುಂಬ ತುಕ್ಕು ಏರಿತ್ತು. ಬೂದಿ ಹಾಕಿ ತಿಕ್ಕಿ ತಿಕ್ಕಿ ಅಜ್ಜ ಸುಸ್ತಾಗಿದ್ದ. ಅದಕ್ಕೇ ಈ ಸಲ ಮುಂಚೆಯೇ ಕಲ್ಲಪ್ಪ ಕಾಕಾನನ್ನು ಕರೆಸಿ ಒಂದು ತೊಗಲಿನ ಚೀಲ ಮಾಡಿಕೊಡಲು ಹೇಳಿದ. ಕಲ್ಲಪ್ಪ ಕಾಕಾನ ಮನೆ ಊರ ಹೊರಗಿನ ಕೇರಿಯಲ್ಲಿತ್ತು. ಅವನು ಮಾಡಿದ ಚಪ್ಪಲಿ, ಬಾರುಕೋಲು, ಎತ್ತಿನ ಕೊರಳಪಟ್ಟಿ ಸವದತ್ತಿ ಸಂತೆಯಲ್ಲೂ ಹೆಸರಾಗಿದ್ದವು. ಅವನ ಮಗಳು ಸುಜಾತಾ ನನ್ನದೇ ವರ್ಗದಲ್ಲಿ, ನನ್ನದೇ ಮಣೆಯ ಮೇಲೆ ಕೂರುವವಳು. ಕುಂಟಲಿಪಿ ಆಟದಲ್ಲಿ ಅವಳನ್ನು ಸೋಲಿಸಿದವರಿಲ್ಲ.

ಕಾಕಾ ಬಂದು ಕಟ್ಟೆಯ ಕೆಳಗೆ ನಿಂತು, ಅಜ್ಜ ಹಿಡಿದ ಬಂದೂಕಿನ ಉದ್ದಕ್ಕೆ ದಾರ ಅಳೆದು, ಅಗಲ ಬದಲಾಗುವ ಕಡೆಗೆಲ್ಲ ಒಂದೊಂದು ಗಂಟು ಹಾಕಿಕೊಂಡು ಹೋದ. ಚೀಲಕ್ಕೆ ಒಂದು ತಿಂಗಳ ಮೇಲೇ ಹಿಡಿಯಿತು. ಸಾಲಿ ಬಿಟ್ಟ ಮೇಲೆ ನಾನು ಮನೆಯಲ್ಲಿ ಹೇಳದೆ ಸುಜಾತಾಳ ಜೊತೆ ನೋಡಲು ಹೋಗುತ್ತಿದ್ದೆ. ಅವರ ಹಿತ್ತಲಲ್ಲಿ ತೊಗಲು ಹದ ಮಾಡಲು ಜಾಲಿ ಚೆಕ್ಕೆ, ಅಳಲೆಕಾಯಿ ನೆನೆಸಿದ ಹೊಂಡದ ಒಗರು ವಾಸನೆ. ಹಸಿ ತೊಗಲು ಕೆಡದಂತೆ ಮೊದಲು ಉಪ್ಪು ಹಾಕುತ್ತಾರೆ, ಆಮೇಲೆ ಆ ಉಪ್ಪು ಪೂರಾ ಹೋಗುವ ತನಕ ತೊಳೆಯಬೇಕು ಎಂದು ಕಾಕಾ ನನಗೆ ತಿಳಿಸಿ ಹೇಳಿದ.

"ಚಪ್ಪಲಿಗಾದ್ರ ನಾಕ ನೀರು ಸಾಕವ್ವ. ಇದರಾಗ ಕಬ್ಬಣ ಮಲಗತೈತಿ. ಉಪ್ಪು ಉಳದ್ರ ಕಬ್ಬಣ ತಿಂದ ಬಿಡತೈತಿ."

"ಉಪ್ಪು ಹೋತು ಅಂತ ಹೆಂಗ ಗೊತ್ತಾಗತದ ಕಾಕಾ?"

ಅವನು ತೊಗಲಿನ ಅಂಚು ಎತ್ತಿ ನಾಲಿಗೆಯ ತುದಿ ಮುಟ್ಟಿಸಿದ. ಸ್ವಲ್ಪ ಹೊತ್ತು ಬಾಯಾಡಿಸಿ, "ಇನ್ನೂ ಎರಡು ನೀರು ಬೇಕು" ಅಂದ. ಸುಜಾತಾಳೂ ಮುಟ್ಟಿಸಿ ನೋಡಿದಳು. ನಂತರ ಆ ಅಂಚನ್ನು ನನ್ನ ಮುಖದ ಹತ್ತಿರ ಹಿಡಿದು, "ನೋಡಲೇ, ಏನೂ ಆಗಂಗಿಲ್ಲ" ಅಂದಳು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಸುಜಾತಾ ನಕ್ಕಳು. ಕಾಕಾ ನಗಲಿಲ್ಲ, ಮಗಳ ಕೈಯಿಂದ ತೊಗಲು ತೆಗೆದುಕೊಂಡು ಮತ್ತೆ ನೀರಿಗೆ ಹಾಕಿದ.

ಚೀಲ ಬಂದಾಗ ಊರಿನವರೆಲ್ಲ ನೋಡಲು ಬಂದರು. ಹೊಲಿಗೆ ಒಂದೊಂದೂ ಒಂದೇ ಅಳತೆ. ಬಾಯಿಗೆ ಮಡಚುವ ಮುಚ್ಚಳ, ಹೆಗಲಿಗೆ ಪಟ್ಟಿ. ಅಜ್ಜ ಒಳಗೆ ಕೈ ಹಾಕಿ ಸವರಿ ಸವರಿ ನೋಡಿ, "ಉಪ್ಪು ಪೂರಾ ಹೋಗೇದಲ್ಲೋ ಕಲ್ಲಪ್ಪ?" ಎಂದು ಕೇಳಿದ. "ಹೋಗೇತ್ರಿ ಮಾಸ್ತರ್ರ. ವರ್ಷ ಇದರಾಗ ಇಟ್ರೂ ಏನೂ ಆಗಂಗಿಲ್ಲ, ನನ್ನ ಮಾತು" ಎಂದ ಕಾಕಾ. ಅಜ್ಜ ಆ ಮಾತನ್ನು ನಂಬಿದ.

ಶ್ರಾವಣ ಬಂತು, ಪಂಚಮಿ ಬಂತು. ಮನೆಯ ತುಂಬ ಶೇಂಗಾದ ಉಂಡಿ, ಅಳ್ಳಿನ ಉಂಡಿ, ತಂಬಿಟ್ಟು. ಪಡಸಾಲೆಯ ತೊಲೆಗೆ ಅಜ್ಜಿ ಜೋಕಾಲಿ ಕಟ್ಟಿಸಿದ್ದಳು. ಆದರೆ ತೊಲೆಯ ಕಬ್ಬಿಣದ ಬಳೆಗಳು ಒಂದೊಂದು ಜೀಕಿಗೂ ಕಿರ್‍ರೋ ಎಂದು ಅರಚುತ್ತಿದ್ದವು. ಗೆಳತಿಯರು ಕಿವಿ ಮುಚ್ಚಿಕೊಂಡು ಚೇಷ್ಟೆ ಮಾಡಿದರು. ನನಗೆ ಅವಮಾನವಾಯಿತು. ಒಳಗೆ ಹೋಗಿ ಹಸಿರು ಬಾಟಲಿ ತಂದು, ಗಡಂಚಿ ಹತ್ತಿ, ಎರಡೂ ಬಳೆಗಳಿಗೆ ಸುರಿದೆ. ಎಷ್ಟು ಬೇಕೋ ಗೊತ್ತಿಲ್ಲ, ಪೂರಾ ಸುರಿದೆ. ಜೋಕಾಲಿ ಸದ್ದಿಲ್ಲದೆ ತೂಗಿತು. ಆ ಮಧ್ಯಾಹ್ನದಷ್ಟು ಎತ್ತರ ನಾನು ಮತ್ತೆಂದೂ ಜೀಕಿಲ್ಲ.

ಮೂರನೆಯ ದಿನ ಠಾಣೆಯಿಂದ ಹೇಳಿಕೆ ಬಂತು, ನಾಳೆಯೇ ಬಂದೂಕು ಜಮಾ ಮಾಡಬೇಕೆಂದು. ಅಜ್ಜ ಚಾಪೆ ಹಾಸಿ ನನ್ನನ್ನು ಕರೆದ. "ಸುಧಿ, ಈ ಸಲ ಎಣ್ಣಿ ಸ್ವಲ್ಪ ಜಾಸ್ತಿ ಇರಲಿ. ಬಹಳ ದಿನ ಅಲ್ಲೇ ಇರ್ತದ."

ನಾನು ಬಾಟಲಿ ತರುತ್ತೇನೆಂದು ಒಳಗೆ ಹೋದೆ. ಬಾಟಲಿಯ ತಳದಲ್ಲಿ ಒಂದು ಹನಿ ಇರಲಿಲ್ಲ. ಅಜ್ಜನಿಗೆ ಹೇಳಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಓಣಿಯ ಸಿಂಪಿಗರ ಮನೆಯಿಂದ ಎರಡು ಚಮಚ ಎಣ್ಣೆ ತರಿಸುತ್ತಿದ್ದ. ಆದರೆ ಅಜ್ಜ ನನಗೆ ಕೊಟ್ಟ ಬಿರುದು ಹೋಗುತ್ತದೆಂದು ಹೆದರಿದೆ. ಅಡಿಗೆಮನೆಯಲ್ಲಿ ಒಲೆಯ ಪಕ್ಕ ಹಿಂದಿನ ದಿನ ಮೆಣಸಿನಕಾಯಿ ಭಜಿ ಕರಿದ ಬಾಣಲೆ ಇತ್ತು, ಅದರಲ್ಲಿ ಕರಿದು ಉಳಿದ ಎಣ್ಣೆ ಇತ್ತು. ಹಿಟ್ಟಿನ ಕರಿಕು ತಳದಲ್ಲಿ ಕೂತಿತ್ತು. ಹಳೆಯ ಸೀರೆಯ ಸೆರಗಿನ ತುಂಡಿನಲ್ಲಿ ಸೋಸಿ ಬಾಟಲಿಗೆ ತುಂಬಿದೆ. ಎಣ್ಣೆ ಎಂದರೆ ಎಣ್ಣೆ, ಜಾರುತ್ತದೆ, ಹೊಳೆಯುತ್ತದೆ, ಅಷ್ಟು ಸಾಕೆಂದುಕೊಂಡೆ. ಅಜ್ಜಿ ಭಜಿಯ ಹಿಟ್ಟಿಗೆ ಕೈ ತುಂಬ ಉಪ್ಪು ಹಾಕುವವಳು ಎಂಬುದು ನನ್ನ ತಲೆಗೆ ಬರಲೇ ಇಲ್ಲ.

ಅಜ್ಜನ ಎದುರಿಗೇ ಕೂತು ನಳಿಗೆಗೆ, ಕುದುರೆಗೆ, ತಿರುಪುಗಳ ಸಂದಿಗೆ ಅದನ್ನು ಸವರಿದೆ. ಅಜ್ಜನ ಹಳೆಯ ಧೋತರದ ತುಂಡಿಗೂ ಅದೇ ಎಣ್ಣೆ ಹಚ್ಚಿ ಬಂದೂಕಿಗೆ ಸುತ್ತಿದೆ. ಘಮಘಮ ಭಜಿಯ ವಾಸನೆ ಬರುತ್ತಿತ್ತು. ಅಜ್ಜ ತಪಕೀರು ಏರಿಸಿ, "ಶಾಣ್ಯಾ ಹುಡುಗಿ" ಅಂದ.

ಮರುದಿನ ಟೆಂಪೋದಲ್ಲಿ ಹೋದೆವು. ಜಿಟಿಜಿಟಿ ಮಳೆ. ಅಜ್ಜ ಚೀಲವನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ದಾರಿಯುದ್ದಕ್ಕೂ ಧೋತರದ ಚುಂಗಿನಿಂದ ಅದರ ಮೇಲಿನ ಹನಿ ಒರೆಸುತ್ತಿದ್ದ. ಠಾಣೆಯಲ್ಲಿ ಬಂದೂಕನ್ನು ಚೀಲದಿಂದ ಹೊರಗೆ ತೆಗೆದು ಇಡಲು ಕೇಳಿದ, ತೊಗಲಿನಲ್ಲಿ ಬಹಳ ದಿನ ಇಡಬಾರದೆಂದು. ರೈಟರ್ ಸಾಹೇಬರು ಒಳ್ಳೆಯವರೇ. "ಚೀಲದಾಗ ಇರ್ಲಿ ಬಿಡ್ರಿ ಮಾಸ್ತರ್ರ, ಇಲ್ಲೆ ಧೂಳ ಭಾಳ. ಬಾಯಿ ಕಟ್ಟಿ ಸೀಲ್ ಹಾಕತೇವಿ, ನಿಮ್ಮದು ನಿಮಗ ಹಂಗ ಸಿಗತೈತಿ" ಅಂದರು. ಅಜ್ಜ ಸ್ವಲ್ಪ ಯೋಚಿಸಿದ. ಆಮೇಲೆ, "ಆಗ್ಲಿ. ಕಲ್ಲಪ್ಪ ಮಾತು ಕೊಟ್ಟಾನ" ಎಂದು ಸಹಿ ಹಾಕಿದ.

ಎರಡು ತಿಂಗಳಾದ ಮೇಲೆ ಬಂದೂಕು ಮನೆಗೆ ಬಂತು. ಸೀಲು ಹಾಗೇ ಇತ್ತು. ಅಜ್ಜ ಸ್ನಾನ, ಸಂಧ್ಯಾವಂದನೆ ಮುಗಿಸಿ ಗಂಧ ಹಚ್ಚಿಕೊಂಡೇ ಚಾಪೆಯ ಮೇಲೆ ಕೂತು ಚೀಲ ಬಿಚ್ಚಿದ. ಧೋತರದ ತುಂಡು ನಳಿಗೆಗೆ ಅಂಟಿಕೊಂಡಿತ್ತು, ಸುಲಿಯಬೇಕಾಯಿತು. ಅಜ್ಜ ಬೆರಳು ಆಡಿಸಿದ. ಬೆರಳು ಅರ್ಧಕ್ಕೇ ನಿಂತಿತು.

"ಸುಧಿ, ಇದು ಯಾವ ಬಣ್ಣ ಅದ ನೋಡು."

"ಕೆಂಪಗದ ಅಜ್ಜ."

"ಎಲ್ಲಾ ಕಡೆ?"

ನಾನು ತಲೆಯಾಡಿಸಿದೆ. ಅವನಿಗೆ ಕಾಣುವುದಿಲ್ಲವೆಂದು ನೆನಪಾಗಿ, "ಎಲ್ಲಾ ಕಡೆ" ಅಂದೆ. ಕುದುರೆ ಎಳೆದು ನೋಡಿದ, ಅಲುಗಲಿಲ್ಲ. ಗಜ ನಳಿಗೆಯೊಳಗೆ ಹೋಗಲಿಲ್ಲ. ಅಜ್ಜ ಬಂದೂಕನ್ನು ಚಾಪೆಯ ಮೇಲೆ ಇಳಿಸಿದ. ಆಮೇಲೆ ಕಲ್ಲಪ್ಪನನ್ನು ಕರೆಯಲು ಹೇಳಿ ಕಳಿಸಿದ.

ಕಲ್ಲಪ್ಪ ಕಾಕಾ ಬಂದು ಕಟ್ಟೆಯ ಕೆಳಗೆ ನಿಂತ. ಕೈಯಲ್ಲಿ ಇನ್ನೂ ಮೇಣದ ದಾರವಿತ್ತು, ಕೆಲಸ ಬಿಟ್ಟು ಬಂದಿದ್ದ. ನಾನು ಕಂಬ ಹಿಡಿದು ನಿಂತಿದ್ದೆ.

"ಉಪ್ಪು ಹೋಗೇದ ಅಂದಿದ್ದಿ ಕಲ್ಲಪ್ಪ."

"ಹೋಗೇತ್ರಿ ಮಾಸ್ತರ್ರ."

"ಹಂಗಾದ್ರ ಇದೇನು?"

ಕಾಕಾ ಬಂದೂಕು ನೋಡಿದ. ಮುಖ ಸಣ್ಣದಾಯಿತು. ಚೀಲ ಎತ್ತಿಕೊಂಡು ಅದರ ಬಾಯಿಯನ್ನು ಒಳಗಿನಿಂದ ಹೊರಗೆ ಮಗುಚಿ, ನಾಲಿಗೆ ಮುಟ್ಟಿಸಿದ. ಒಂದು ಕಡೆ, ಇನ್ನೊಂದು ಕಡೆ, ಮತ್ತೊಂದು ಕಡೆ. ಅವಸರ ಮಾಡಲಿಲ್ಲ.

"ಉಪ್ಪಿಲ್ರಿ. ಬರೇ ಒಗರ ಐತಿ, ಅಳಲೆಕಾಯಿದು. ಬೇಕಾದ್ರ ನೀವ ನೋಡ್ರಿ." ಎರಡೂ ಕೈಯಿಂದ ಚೀಲವನ್ನು ಅಜ್ಜನ ಕಡೆ ಹಿಡಿದ.

ಅಜ್ಜನ ಕೈ ಮುಂದೆ ಬಂದಿತ್ತು. ಹಾಗೇ ಹಿಂದೆ ಸರಿದು ತಪಕೀರಿನ ಡಬ್ಬಿ ಹುಡುಕಿತು. "ಅದನ್ನ ನಾ ಹೆಂಗ ನೋಡ್ಲೋ ಕಲ್ಲಪ್ಪ? ತಿಳದವ ನೀ, ಹಿಂಗ ಕೇಳಬಾರ್ದು."

ಕಾಕಾ ಹಿಡಿದ ಚೀಲ ಇಳಿಸಿದ. ಆಮೇಲೆ ಕಟ್ಟೆಯ ಅಂಚಿಗೆ ಬಿದ್ದಿದ್ದ ಧೋತರದ ತುಂಡು ಎತ್ತಿ ಮೂಗಿಗೆ ಹಿಡಿದ. ಇನ್ನೊಮ್ಮೆ ಹಿಡಿದ. ತಲೆ ಎತ್ತಿ ನೇರ ನನ್ನನ್ನು ನೋಡಿದ. ಬಂದೂಕಿಗೆ ಎಣ್ಣೆ ಹಚ್ಚುವವಳು ನಾನೇ ಎಂದು ಅವನ ಹಿತ್ತಲಲ್ಲೇ ಕೂತು ಎಷ್ಟು ಸಲ ಕೊಚ್ಚಿಕೊಂಡಿದ್ದೆ.

"ಈ ಅರಿವಿ ವಾಸನಿ ಬ್ಯಾರೆ ಐತ್ರಿ ಮಾಸ್ತರ್ರ."

"ಎರಡು ತಿಂಗಳ ತೊಗಲಿನ ಜೋಡಿ ಇದ್ರ ಮತ್ತ್ಯಾವ ವಾಸನಿ ಬರ್ತದ?"

ಆ ಹೊತ್ತಿನಲ್ಲಿ ನಾನು ಬಾಯಿ ಬಿಡಬೇಕಿತ್ತು. "ಅಜ್ಜ, ಎಣ್ಣೆ ನಾನು ಬದಲಿಸಿದೆ" ಎಂದರೆ ಸಾಕಿತ್ತು. ಕಾಕಾ ನನ್ನನ್ನು ನೋಡುತ್ತಲೇ ಇದ್ದ, ಗದರಿಸುವ ನೋಟವಲ್ಲ, ಕಾಯುವ ನೋಟ. ನಾನು ಕಂಬದ ಹಿಂದೆ ಸರಿದೆ. ಕಾಕಾ ಅರಿವೆಯನ್ನು ಮಡಚಿ ಕಟ್ಟೆಯ ಮೇಲಿಟ್ಟು, "ಆತ್ರಿ" ಎಂದು ಚೀಲ ಹೆಗಲಿಗೇರಿಸಿಕೊಂಡು ಹೋದ.

ಅಜ್ಜ ಕೆಟ್ಟವನಲ್ಲ. ಯಾರೊಂದಿಗೂ ಜಗಳಕ್ಕೆ ಹೋಗಲಿಲ್ಲ. ಆದರೆ ಬಂದೂಕು ಏನಾಯಿತೆಂದು ಕೇಳಿದವರಿಗೆಲ್ಲ, "ಕಲ್ಲಪ್ಪನ ತೊಗಲಿನಾಗ ಉಪ್ಪು ಉಳದಿತ್ತು" ಅನ್ನುತ್ತಿದ್ದ. ಮಾಸ್ತರರ ಮಾತು ನಮ್ಮೂರಲ್ಲಿ ಸುಮ್ಮನೆ ಬೀಳುತ್ತಿರಲಿಲ್ಲ. ಮೊದಲು ಎತ್ತಿನ ಕೊರಳಪಟ್ಟಿಯವರು ಬೇರೆ ಕಡೆ ಹೋದರು. ಪಟ್ಟಿಯ ಕಬ್ಬಿಣದ ಬಳೆ ಸವೆದರೂ ಕಲ್ಲಪ್ಪನ ಉಪ್ಪೇ ಕಾರಣವಾಯಿತು. ಆಮೇಲೆ ಚಪ್ಪಲಿಯವರೂ ಹೋದರು. ಸುಜಾತಾ ಮಣೆ ಬದಲಿಸಿ ಕಿಟಕಿಯ ಪಕ್ಕ ಕೂತಳು. ಸಂಕ್ರಾಂತಿ ಕಳೆಯುವುದರೊಳಗೆ ಅವರು ಊರು ಬಿಟ್ಟರು. ಬೈಲಹೊಂಗಲದಲ್ಲಿ ಯಾರದೋ ಅಂಗಡಿಯಲ್ಲಿ ಕಾಕಾ ಸೀಟು ಹೊಲಿಯುವ ಕೆಲಸಕ್ಕೆ ನಿಂತನೆಂದು ಕೇಳಿದೆ. ಅವರ ಹಿತ್ತಲಿನ ಹೊಂಡದಲ್ಲಿ ಆ ಬೇಸಿಗೆ ಜಾಲಿ ಚೆಕ್ಕೆ ಒಣಗಿ ಬಿದ್ದಿತ್ತು, ನಾನು ಹೋಗಿ ನೋಡಿ ಬಂದೆ.

ಅಜ್ಜ ಬೂದಿ ಹಾಕಿ ತಿಕ್ಕಿ ತುಕ್ಕು ತೆಗೆದ. ನಳಿಗೆಯ ತುಂಬ ಸಿಡುಬಿನಂಥ ಕಲೆಗಳು ಉಳಿದವು, ಮತ್ತೆ ಅದನ್ನು ಹಾರಿಸಲಿಲ್ಲ. ಎಣ್ಣೆ ಹಚ್ಚುವ ಕೆಲಸ ಮಾತ್ರ ನನಗೇ ಉಳಿಯಿತು. ಪ್ರತಿ ಸಲ ಆ ಚಾಪೆಯ ಮೇಲೆ ಕೂರುವುದು ನನಗೆ ಶಿಕ್ಷೆಯೇ ಆಗಿತ್ತು. ಕೊನೆಯ ಕಾಯಿಲೆಯಲ್ಲಿ ಅಜ್ಜನ ಪಕ್ಕ ಕೂತು, ಇವತ್ತು ಹೇಳಿಯೇ ಬಿಡುತ್ತೇನೆ ಎಂದು ಬಾಯಿ ತೆರೆದಿದ್ದೆ. ಅವನು ನನ್ನ ಕೈ ಹಿಡಿದು ಅಂಗೈ ಸವರಿ, "ಇನ್ನೂ ಒಣಾನ ಅವ ನೋಡು" ಎಂದು ನಕ್ಕ. ಬಾಯಿ ಮುಚ್ಚಿಕೊಂಡೆ. ಏನೂ ತಿಳಿಯದೇ ಅಜ್ಜ ಹೋದ.

ಕಳೆದ ಚುನಾವಣೆಗೆ ನನ್ನ ತಮ್ಮ, ಇನ್ನು ಈ ಲೈಸನ್ಸಿನ ತಾಪತ್ರಯ ಬೇಡವೆಂದು ಬಂದೂಕನ್ನು ಕಾಯಮಾಗಿ ಸರಕಾರಕ್ಕೆ ಒಪ್ಪಿಸಿ ಬಂದ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬೈಕಿನ ಮೇಲೆ ಒಯ್ದನಂತೆ. ಆ ಸುದ್ದಿ ಕೇಳಿದ ವಾರವೇ ನಾನು ಸವದತ್ತಿಯಿಂದ ಬೈಲಹೊಂಗಲದ ಬಸ್ಸು ಹತ್ತಿದೆ. ಸವದತ್ತಿಯ ಸಾಲಿಯಲ್ಲಿ ಮಕ್ಕಳಿಗೆ ನಿಜ ಹೇಳಿರಿ ಎಂದು ಪಾಠ ಮಾಡುತ್ತ ಇಪ್ಪತ್ತು ವರ್ಷವಾಗಿದೆ. ಒಂದೂವರೆ ತಾಸಿನ ದಾರಿ. ಇಷ್ಟು ವರ್ಷ ಆ ದಾರಿ ನನಗೆ ದೂರವಾಗಿತ್ತು.

ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಬ್ಯಾಗು, ಬೆಲ್ಟು, ಬೈಕಿನ ಸೀಟು. ಈಗ ಅದು ಸುಜಾತಾಳದೇ. ಗೋಡೆಯ ಮೇಲೆ ಬುದ್ಧನ ಚಿತ್ರ, ಪಕ್ಕದಲ್ಲಿ ಹಾರ ಹಾಕಿದ ಕಲ್ಲಪ್ಪ ಕಾಕಾನ ಫೋಟೋ. ಅವಳು ಯಂತ್ರ ನಿಲ್ಲಿಸಿ ನನ್ನನ್ನು ನೋಡಿ, ಗುರುತು ಹಿಡಿದು, "ಬರ್ರಿ, ಕುಂತ್ಕೋರ್ರಿ" ಅಂದಳು. "ನನಗ ರೀ ಅನಬ್ಯಾಡ ಸುಜಾತಾ" ಎಂದೆ. ಅವಳು ಸ್ಟೂಲು ಸರಿಸಿದಳು. ನನ್ನ ಅಂಗೈ ಬೆವರಿತ್ತು. ಪರ್ಸಿನ ಪಟ್ಟಿ ಒದ್ದೆಯಾಗುವಷ್ಟು.

ಎಲ್ಲ ಹೇಳಿದೆ. ಜೋಕಾಲಿ, ಬಾಟಲಿ, ಭಜಿ ಎಣ್ಣೆ, ಕಂಬ. ಅವಳು ದಾರದ ಉಂಡೆ ಸುತ್ತುತ್ತ ಕೇಳಿದಳು.

"ಅಪ್ಪಗ ಅವತ್ತ ಗೊತ್ತಾಗಿತ್ರಿ" ಅಂದಳು. "ಅರಿವಿ ಮೂಸಿ ನೋಡಿದ ಕೂಡ್ಲೆ. ಮನಿಗೆ ಬಂದು ಹೇಳಿದ್ದ. ಅವ್ವ ಸಿಟ್ಟಿಗೆದ್ದು, ಹೋಗಿ ಹೇಳಿ ಬಾ ಅಂದ್ಲು. ಅಪ್ಪ ಹೋಗ್ಲಿಲ್ಲ."

"ಯಾಕ?"

"ಹೇಳಿದ್ರ ಆ ಹುಡುಗಿಗೆ ಹೊಡತ ಬೀಳತಾವ, ನನಗರೆ ಬರೇ ಮಾತು ಬಿದ್ದಾವ ಅಂದ. ತಾನ ಹೇಳತಾಳ, ಶಾಣ್ಯಾ ಐತಿ ಹುಡುಗಿ ಅಂತ ಕಾದ." ದಾರದ ಉಂಡೆ ಕೆಳಗಿಟ್ಟು, "ಬರೇ ಮಾತು ಅಂದಾ ಅಪ್ಪ. ಊರ ಬಿಡಿಸ್ತು ಅದು" ಅಂದಳು.

ನನ್ನ ಅಜ್ಜ ಜೀವಮಾನದಲ್ಲಿ ನನ್ನ ಮೇಲೆ ಕೈ ಎತ್ತಿದವನಲ್ಲ. ಎಂದೂ ಬೀಳದ ಹೊಡೆತದಿಂದ ನನ್ನನ್ನು ಉಳಿಸಲು ಕಲ್ಲಪ್ಪ ಕಾಕಾ ತನ್ನ ಹೆಸರು ಕಳೆದುಕೊಂಡಿದ್ದ. ಅದನ್ನು ಸುಜಾತಾಳಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಇಲ್ಲಿಯೇ ಮೊದಲ ಸಲ ಬರೆಯುತ್ತಿದ್ದೇನೆ.

ಪಂಚಮಿಗೆ ಈಗ ಆ ಪಡಸಾಲೆಯಲ್ಲಿ ಜೋಕಾಲಿ ಇಲ್ಲ, ಬಳೆಗಳನ್ನು ತಮ್ಮ ಬಿಚ್ಚಿಸಿದ್ದಾನೆ. ಊರಲ್ಲಿ ತೊಗಲು ಹದ ಮಾಡುವ ಮನೆ ಒಂದೂ ಇಲ್ಲ. ಬಂದೂಕು ಇಲ್ಲ, ಅಜ್ಜ ಇಲ್ಲ. ಇವೆಲ್ಲ ಹೇಗೂ ಒಂದು ದಿನ ಹೋಗುವಂಥವು. ಒಂದು ಮಣೆಯ ಮೇಲೆ ಕೂರುತ್ತಿದ್ದ ಗೆಳತಿಯನ್ನು ಮತ್ತು ಅವಳ ಅಪ್ಪನ ಹೆಸರನ್ನು ಮಾತ್ರ ನಾನೇ ಕಳೆದೆ.

"ಚೀಲ ಏನಾತು?" ಎಂದು ಅವತ್ತು ಅಂಗಡಿಯಲ್ಲಿ ಸುಜಾತಾಳನ್ನು ಕೇಳಿದೆ.

ಅವಳು ತಲೆ ಎತ್ತಿ ಮೇಲೆ ತೋರಿಸಿದಳು. ಬ್ಯಾಗುಗಳ ಸಾಲಿನ ಹಿಂದೆ, ಗೂಟಕ್ಕೆ ತೂಗು ಹಾಕಿದ್ದರು. ವರ್ಷಕ್ಕೊಮ್ಮೆ ಮೇಣ ಹಚ್ಚುತ್ತಾರಂತೆ, ತೊಗಲು ಎಲ್ಲಿಯೂ ಬಿರಿದಿರಲಿಲ್ಲ. ಕೇಳಿದ್ದಕ್ಕೆ ಇಳಿಸಿ ಕೊಟ್ಟಳು. ಸೀಟು ಹೊಲಿಸಲು ಬಂದಿದ್ದ ಇಬ್ಬರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನು ಕಾಕಾ ಮಾಡಿದಂತೆಯೇ ಬಾಯಿಯನ್ನು ಒಳಗಿನಿಂದ ಹೊರಗೆ ಮಗುಚಿ, ನಾಲಿಗೆ ಮುಟ್ಟಿಸಿದೆ. ಒಂದು ಕಡೆ, ಇನ್ನೊಂದು ಕಡೆ, ಮತ್ತೊಂದು ಕಡೆ.

ಬರೀ ಒಗರು. ಉಪ್ಪಿರಲಿಲ್ಲ.

"ಉಪ್ಪಿಲ್ಲ ಸುಜಾತಾ" ಅಂದೆ.

"ನಮಗ ಗೊತ್ತೈತ್ರಿ" ಅಂದಳು. ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡು, ನಾಲಿಗೆ ಮುಟ್ಟಿದ ಜಾಗಗಳನ್ನು ಒಣ ಅರಿವೆಯಿಂದ ಒರೆಸಿ, ಮತ್ತೆ ಗೂಟಕ್ಕೆ ಹಾಕಿದಳು.